ಕತ್ತಲೆಕೋಣೆಗೆ ಗಡಿಯಾರ ಬಂದ ಬಗೆ

ಕಪ್ಪು-ಬಿಳುಪು ಫಿಲಂ ತಯಾರಿಸುವ ಕಂಪೆನಿಗಳು ಅದರೊಂದಿಗೆ ಒಂದು ಪಟ್ಟಿಯನ್ನೂ ಒದಗಿಸುತ್ತವೆ. ಯಾವ ಡೆವಲಪರ್ ಬಳಸಬೇಕು, ದ್ರಾವಣದ ಉಷ್ಣತೆ ಎಷ್ಟಿರಬೇಕು, ಫಿಲಂ ಅದರಲ್ಲಿ ಎಷ್ಟು ನಿಮಿಷ ಮುಳುಗಿರಬೇಕು ಎಂಬ ವಿವರ ಅದರಲ್ಲಿರುತ್ತದೆ. ನೀರಸವಾಗಿ ಕಾಣುವ ಈ ಅಂಕಿಗಳ ಹಿಂದೆ ನೂರು ವರ್ಷಕ್ಕೂ ಹಳೆಯದಾದ ಒಂದು ವಾಗ್ವಾದವಿದೆ. ಛಾಯಾಚಿತ್ರವನ್ನು ರೂಪಿಸುವುದು ಕಲಾವಿದನ ಕೈಯೋ, ರಸಾಯನಶಾಸ್ತ್ರದ ನಿಯಮವೋ ಎಂಬುದೇ ಆ ವಾಗ್ವಾದ.

ಬೆಳಕು ತಾಗಿದ ಫಿಲಂ ಮೇಲೆ ಬರಿಗಣ್ಣಿಗೆ ಏನೂ ಕಾಣುವುದಿಲ್ಲ. ಜೆಲಟಿನ್ ಪದರದಲ್ಲಿರುವ ಬೆಳ್ಳಿಯ ಲವಣದ ಹರಳುಗಳಲ್ಲಿ ಬೆಳಕು ಒಂದು ಅಗೋಚರ ಗುರುತನ್ನಷ್ಟೇ ಉಳಿಸಿರುತ್ತದೆ. ಡೆವಲಪರ್ ಅಂಥ ಹರಳುಗಳನ್ನು ಕಪ್ಪು ಬೆಳ್ಳಿಯನ್ನಾಗಿ ಮಾರ್ಪಡಿಸುತ್ತದೆ. ಬೇಗ ಹೊರತೆಗೆದರೆ ನೆಗೆಟಿವ್ ತೆಳುವಾಗಿ ಚಿತ್ರ ಮಂಕಾಗುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಬಿಳಿಯ ಅಂಗಿ, ಆಕಾಶದ ಮೋಡಗಳೆಲ್ಲ ನೆಗೆಟಿವ್‌ನಲ್ಲಿ ದಟ್ಟ ಕಪ್ಪಾಗಿ, ಪ್ರಿಂಟ್‌ನಲ್ಲಿ ವಿವರವೇ ಇಲ್ಲದ ಬಿಳಿಯ ಮಚ್ಚೆಗಳಾಗಿಬಿಡುತ್ತವೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಸರಿಯಾದ ಅವಧಿಯನ್ನು ನಿರ್ಧರಿಸುತ್ತಿದ್ದುದು ಕಣ್ಣು. ಆಗಿನ ಗಾಜಿನ ಫಲಕಗಳಿಗೆ ಕೆಂಪು ಬೆಳಕು ತಾಗುತ್ತಿರಲಿಲ್ಲ. ಆದ್ದರಿಂದ ಕೆಂಪು ದೀಪದಡಿ ತಟ್ಟೆಯನ್ನು ತೂಗುತ್ತ, ಚಿತ್ರ ಮೂಡುವುದನ್ನು ನೋಡುತ್ತ, ಸಾಕೆನಿಸಿದಾಗ ಫಲಕವನ್ನು ಹೊರತೆಗೆಯುತ್ತಿದ್ದರು. ಕ್ಯಾಮೆರಾದಲ್ಲಿ ಆದ ತಪ್ಪನ್ನೂ ಡೆವಲಪರ್ ತಟ್ಟೆಯಲ್ಲಿ ತಿದ್ದಬಹುದೆಂದು ನಂಬಿದವರು ಅನೇಕರಿದ್ದರು. ಪಳಗಿದ ಕೈಯ ಹೆಮ್ಮೆ ಅಡಗಿದ್ದುದೇ ಅಲ್ಲಿ.

ಈ ನಂಬಿಕೆಯನ್ನು ಅಳತೆಗೆ ಒಡ್ಡಿದವರು ಇಂಗ್ಲೆಂಡಿನ ವಿಡ್ನೆಸ್ ಪಟ್ಟಣದ ಕ್ಷಾರದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಇಬ್ಬರು ಗೆಳೆಯರು. ಫರ್ಡಿನಂಡ್ ಹರ್ಟರ್ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ರಸಾಯನಶಾಸ್ತ್ರಜ್ಞ. ವೀರೊ ಚಾರ್ಲ್ಸ್ ಡ್ರಿಫೀಲ್ಡ್ ಎಂಜಿನಿಯರ್. ಮೋಂಬತ್ತಿಯ ಬೆಳಕನ್ನು ಗೊತ್ತಾದ ಪ್ರಮಾಣಗಳಲ್ಲಿ ಫಲಕದ ಬೇರೆ ಬೇರೆ ಭಾಗಗಳ ಮೇಲೆ ಬೀಳಿಸಿ, ಡೆವಲಪ್ ಮಾಡಿ, ಪ್ರತಿ ಭಾಗದ ಕಪ್ಪು ಎಷ್ಟು ದಟ್ಟವಾಗಿದೆ ಎಂದು ಅವರು ಅಳೆದರು. 1890ರಲ್ಲಿ ಪ್ರಕಟವಾದ ಅವರ ಪ್ರಬಂಧ ಛಾಯಾಚಿತ್ರ ವಿಜ್ಞಾನದ ತಳಹದಿಯಾಯಿತು. ಬೆಳಕು ಮತ್ತು ದಟ್ಟಣೆಯ ಸಂಬಂಧವನ್ನು ತೋರಿಸುವ ರೇಖೆ ಇಂದಿಗೂ ಅವರ ಹೆಸರಿನಲ್ಲೇ ಇದೆ.

ಅವರ ತೀರ್ಮಾನ ಅನೇಕರಿಗೆ ಕಹಿಯಾಗಿತ್ತು. ಡೆವಲಪರ್‌ನಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಎಲ್ಲ ಭಾಗಗಳ ದಟ್ಟಣೆಯೂ ಏರುತ್ತದೆ, ಆದರೆ ಅವುಗಳ ನಡುವಣ ಅನುಪಾತ ಬದಲಾಗುವುದಿಲ್ಲ ಎಂದು ಅವರು ಹೇಳಿದರು. ಆ ಅನುಪಾತ ಶಟರ್ ಮುಚ್ಚಿದಾಗಲೇ ನಿಶ್ಚಯವಾಗಿರುತ್ತದೆ ಎಂಬುದು ಇದರ ಅರ್ಥ.

ಈ ಮಾತಿನಿಂದ ತೀವ್ರವಾಗಿ ಕಲಕಿಹೋದವನು ಪೀಟರ್ ಹೆನ್ರಿ ಎಮರ್ಸನ್. ಛಾಯಾಚಿತ್ರಣ ಚಿತ್ರಕಲೆಗೆ ಸಮನಾದ ಕಲೆ ಎಂದು 1889ರಲ್ಲಿ ಒಂದು ಪುಸ್ತಕವನ್ನೇ ಬರೆದು ವಾದಿಸಿದ್ದ ವ್ಯಕ್ತಿ ಆತ. ಬೆಳಕು-ನೆರಳುಗಳ ಮೇಲೆ ಹಿಡಿತವಿಲ್ಲದಿದ್ದರೆ ಕಲೆಯೆಲ್ಲಿ ಬಂತು? 1890ರ ದಿನಾಂಕ ಹೊತ್ತ, ಶೋಕಪತ್ರದಂತೆ ಕಪ್ಪು ಅಂಚಿನ ಕಿರುಹೊತ್ತಿಗೆಯೊಂದರಲ್ಲಿ ಆತ ತನ್ನ ವಾದವನ್ನು ಬಹಿರಂಗವಾಗಿ ಹಿಂತೆಗೆದುಕೊಂಡ. ಕ್ಯಾಮೆರಾವನ್ನು ಮಾತ್ರ ಬಿಡಲಿಲ್ಲ.

ಎಮರ್ಸನ್ ಅಷ್ಟು ನಿರಾಶನಾಗಬೇಕಿರಲಿಲ್ಲ. ಒಂದು ಸರಳ ಲೆಕ್ಕ ನೋಡಬಹುದು. ನೆರಳಿನ ಭಾಗದ ದಟ್ಟಣೆ 0.4, ಬೆಳಕಿನ ಭಾಗದ್ದು 0.8 ಇದೆಯೆನ್ನೋಣ. ಇನ್ನಷ್ಟು ಹೊತ್ತು ಬಿಟ್ಟಾಗ ಅವು 0.6 ಮತ್ತು 1.2 ಆಗುತ್ತವೆ. ಅನುಪಾತ ಮೊದಲಿನಂತೆ ಒಂದಕ್ಕೆ ಎರಡೇ. ಆದರೆ ಅಂತರ 0.4 ಇದ್ದದ್ದು 0.6 ಆಯಿತು. ಪ್ರಿಂಟ್‌ನಲ್ಲಿ ಕಪ್ಪು-ಬಿಳುಪಿನ ವ್ಯತ್ಯಾಸವಾಗಿ ಕಣ್ಣಿಗೆ ಕಾಣುವುದು ಈ ಅಂತರ. ಅದನ್ನು ಹಿಗ್ಗಿಸುವ, ಕುಗ್ಗಿಸುವ ಅಧಿಕಾರ ಡೆವಲಪ್ ಮಾಡುವ ಅವಧಿಗೆ ಉಳಿದೇ ಇತ್ತು.

ಅವಧಿಯನ್ನು ಕಂಡುಕೊಳ್ಳಲು ಸುಲಭದ ದಾರಿ ತೋರಿಸಿದವನು ಹೆರೆಫರ್ಡ್‌ನ ಆಲ್ಫ್ರೆಡ್ ವಾಟ್ಕಿನ್ಸ್. ಚಿತ್ರದ ಮೊದಲ ಗುರುತು ಕಾಣಿಸಲು ಹಿಡಿದ ಸಮಯವನ್ನು ಆಯಾ ಡೆವಲಪರ್‌ಗೆ ಗೊತ್ತುಮಾಡಿದ ಸಂಖ್ಯೆಯಿಂದ ಗುಣಿಸುವುದು ಅವನ ವಿಧಾನ. ಅರ್ಧ ನಿಮಿಷಕ್ಕೆ ಗುರುತು ಕಂಡು, ಸಂಖ್ಯೆ ಹತ್ತಾಗಿದ್ದರೆ, ಒಟ್ಟು ಅವಧಿ ಐದು ನಿಮಿಷ. ಇದಕ್ಕೂ ಕೆಂಪು ದೀಪ ಬೇಕಿತ್ತು. 1906ರಲ್ಲಿ ರ‍್ಯಾಟನ್ ಅಂಡ್ ವೈನ್‌ರೈಟ್ ಕಂಪೆನಿ ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಯಾಂಕ್ರೊಮ್ಯಾಟಿಕ್ ಫಲಕಗಳನ್ನು ಮಾರಾಟಕ್ಕೆ ತಂದಿತು. ಅವುಗಳಿಗೆ ಕೆಂಪು ದೀಪವೂ ವರ್ಜ್ಯ. ಪೂರ್ಣ ಕತ್ತಲೆಯಲ್ಲಿ ಕಣ್ಣಿಗೆ ಕೆಲಸವಿಲ್ಲದಾಗ ಉಳಿದವು ಗಡಿಯಾರ ಮತ್ತು ಥರ್ಮಾಮೀಟರ್ ಎರಡೇ.

ಥರ್ಮಾಮೀಟರ್ ಗಡಿಯಾರದಷ್ಟೇ ಮುಖ್ಯ. ದ್ರಾವಣ ಬಿಸಿಯಾದಷ್ಟೂ ರಾಸಾಯನಿಕ ಕ್ರಿಯೆ ಚುರುಕಾಗುತ್ತದೆ, ಅವಧಿ ಕಡಿಮೆಯಾಗಬೇಕಾಗುತ್ತದೆ. ಪಟ್ಟಿಗಳಲ್ಲಿ ರೂಢಿಗೆ ಬಂದ 20 ಡಿಗ್ರಿ ಸೆಲ್ಸಿಯಸ್ ತಂಪು ದೇಶಗಳ ಅಳತೆ. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ ನಲ್ಲಿಯ ನೀರೇ 30 ಡಿಗ್ರಿ ದಾಟುತ್ತದೆ. ಅಂಥಲ್ಲಿ ಜೆಲಟಿನ್ ಉಬ್ಬಿ ಮೆತ್ತಗಾಗುವ ಅಪಾಯವೂ ಇದೆ. ಡೆವಲಪರ್ ಪಾತ್ರೆಯನ್ನು ಮಂಜುಗಡ್ಡೆಯ ನೀರಿನಲ್ಲಿಟ್ಟು ತಣಿಸುವುದು, ಉಬ್ಬುವಿಕೆಯನ್ನು ತಡೆಯಲು ದ್ರಾವಣಕ್ಕೆ ಸೋಡಿಯಂ ಸಲ್ಫೇಟ್ ಬೆರೆಸುವುದು ಇದಕ್ಕೆ ಪರಿಹಾರಗಳು.

ಗಡಿಯಾರವನ್ನು ಮತ್ತೆ ಕಲಾವಿದನ ಸಾಧನವಾಗಿಸಿದವರು ಅಮೆರಿಕದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್. 1940ರ ಸುಮಾರಿಗೆ ಅವರು ರೂಪಿಸಿದ ‘ಝೋನ್’ ಪದ್ಧತಿಯ ತಿರುಳು ಇಷ್ಟು: ನೆರಳಿಗೆ ತಕ್ಕಂತೆ ಬೆಳಕು ಕೊಡಬೇಕು, ಬೆಳಕಿನ ಭಾಗಗಳಿಗೆ ತಕ್ಕಂತೆ ಡೆವಲಪ್ ಮಾಡಬೇಕು. ಕಡು ಬಿಸಿಲಿನ ದೃಶ್ಯಕ್ಕೆ ಅವಧಿ ಕಡಿಮೆ, ಮೋಡ ಮುಸುಕಿದ ದೃಶ್ಯಕ್ಕೆ ಹೆಚ್ಚು. ಪ್ರಿಂಟ್ ಹೇಗೆ ಕಾಣಬೇಕೆಂಬುದನ್ನು ಕ್ಯಾಮೆರಾದ ಹಿಂದೆ ನಿಂತಾಗಲೇ ನಿರ್ಧರಿಸಿರಬೇಕು.

ಇದಕ್ಕೂ ಮಿತಿಯುಂಟು. ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೊದ ಹೆರ್ನಾಂಡೆಜ್ ಎಂಬ ಹಳ್ಳಿಯ ಮೇಲಣ ಚಂದ್ರೋದಯವನ್ನು ತೆಗೆದಾಗ ಬೆಳಕಿನ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಪ್ರಖರತೆಯನ್ನು ನೆನಪಿನಿಂದಲೇ ಲೆಕ್ಕಹಾಕಿ ತೆಗೆದ ಆ ನೆಗೆಟಿವನ್ನು ಎಷ್ಟು ಜೋಪಾನವಾಗಿ ಡೆವಲಪ್ ಮಾಡಿದರೂ ಮುಂಭಾಗದ ನೆಲ ತೆಳುವಾಗಿಯೇ ಉಳಿಯಿತು. ಆ ಭಾಗವನ್ನು ಗಾಢಗೊಳಿಸಲು 1948ರಲ್ಲಿ ಮತ್ತೊಂದು ರಾಸಾಯನಿಕ ಉಪಚಾರ ಬೇಕಾಯಿತು.

ಹೀಗೆ ವಿಡ್ನೆಸ್‌ನ ಗೆಳೆಯರ ಮಾತೂ ಸುಳ್ಳಾಗಲಿಲ್ಲ, ಕಲಾವಿದನೂ ಸೋಲಲಿಲ್ಲ. ಕಂಪೆನಿ ಕೊಡುವ ನಿಮಿಷಗಳು ಸಾಧಾರಣ ದೃಶ್ಯಕ್ಕೆ ಹೊಂದುವ ಒಂದು ಆರಂಭ ಮಾತ್ರ. ತನ್ನ ಊರಿನ ಬಿಸಿಲು, ತನ್ನ ಥರ್ಮಾಮೀಟರ್, ತನಗೆ ಬೇಕಾದ ಪ್ರಿಂಟ್ – ಇವುಗಳನ್ನು ನೋಡಿಕೊಂಡು ಆ ಅಂಕಿಯನ್ನು ತಿದ್ದಿಕೊಳ್ಳುವುದು ಛಾಯಾಗ್ರಾಹಕನಿಗೇ ಬಿಟ್ಟ ಕೆಲಸ.