ಮಗುವಿನ ರಿಪೋರ್ಟ್‌ನಲ್ಲಿ ‘ಸಿ3 ಕಡಿಮೆ’ ಎಂದಿದೆಯೇ? ಅದರ ಅರ್ಥ ತಿಳಿಯಿರಿ

ಗಂಟಲು ನೋವು ವಾಸಿಯಾಗಿ ಒಂದೆರಡು ವಾರದ ಮೇಲೆ ಮಗುವಿನ ಮುಖ ಬೆಳಿಗ್ಗೆ ಊದಿಕೊಂಡಿದೆ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆ ಎಂದರೆ ಅದು ಸ್ಟ್ರೆಪ್ಟೋಕಾಕಸ್ ಸೋಂಕಿನ ನಂತರದ ಕಿಡ್ನಿ ಉರಿಯೂತ ಇರಬಹುದು. ಚರ್ಮದ ಕೀವುಗುಳ್ಳೆಗಳ ನಂತರವೂ ಇದು ಬರುತ್ತದೆ. ಆಗ 3ರಿಂದ 6 ವಾರ ಹಿಡಿಯಬಹುದು. ಹೆಚ್ಚಾಗಿ ಕಾಣುವುದು 5ರಿಂದ 12 ವರ್ಷದ ಮಕ್ಕಳಲ್ಲಿ. ಇದನ್ನು ಪತ್ತೆ ಮಾಡಲು ವೈದ್ಯರು ಮಾಡಿಸುವ ರಕ್ತ ಪರೀಕ್ಷೆಗಳಲ್ಲಿ ‘ಸಿ3’ ಮುಖ್ಯವಾದದ್ದು.

ಸಿ3 ಎಂದರೇನು?

ರೋಗಾಣುಗಳ ವಿರುದ್ಧ ಹೋರಾಡುವ ‘ಕಾಂಪ್ಲಿಮೆಂಟ್’ ಎಂಬ ಪ್ರೋಟೀನ್‌ಗಳ ಗುಂಪಿಗೆ ಸೇರಿದ್ದು ಸಿ3. ಸೋಂಕಿನ ವೇಳೆ ತಯಾರಾದ ಪ್ರತಿಕಾಯಗಳು ಬ್ಯಾಕ್ಟೀರಿಯಾದ ಅಂಶಗಳ ಜೊತೆ ಸೇರಿ ಕಿಡ್ನಿಯ ಸೋಸುವ ಭಾಗದಲ್ಲಿ ಉಳಿದುಬಿಡುತ್ತವೆ. ಅಲ್ಲಿ ಉರಿಯೂತ ಶುರುವಾಗಿ ಸಿ3 ಖರ್ಚಾಗುತ್ತದೆ. ಹಾಗಾಗಿ ರಕ್ತದಲ್ಲಿ ಅದರ ಪ್ರಮಾಣ ಇಳಿಯುತ್ತದೆ. ಈ ಕಾಯಿಲೆಯಲ್ಲಿ ಸುಮಾರು ಶೇ. 90ರಷ್ಟು ಮಕ್ಕಳಲ್ಲಿ ಹೀಗಾಗುತ್ತದೆ. ಇದರ ಜೊತೆಗಾರ ಸಿ4 ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ.

ತಪ್ಪು ತಿಳಿವಳಿಕೆಗಳು

‘ಸಿ3 ಕಡಿಮೆಯಾದರೆ ಕಿಡ್ನಿ ಫೇಲ್’: ತಪ್ಪು. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ತಿಳಿಯಲು ಕ್ರಿಯಾಟಿನಿನ್ ನೋಡುತ್ತಾರೆ. ಈ ಕಾಯಿಲೆ ಬಂದ ಬಹುತೇಕ ಮಕ್ಕಳು ಪೂರ್ತಿ ಗುಣವಾಗುತ್ತಾರೆ.

‘ಇಮ್ಯುನಿಟಿ ಹೆಚ್ಚಿಸುವ ಕಷಾಯ ಕೊಟ್ಟರೆ ಸಿ3 ಏರುತ್ತದೆ’: ತಪ್ಪು. ಉರಿಯೂತ ತಣ್ಣಗಾದಂತೆ ಸಿ3 ತಾನಾಗಿಯೇ ಏರುತ್ತದೆ.

‘ಹೆಚ್ಚು ನೀರು ಕುಡಿಸಿದರೆ ಕಿಡ್ನಿ ತೊಳೆದುಹೋಗುತ್ತದೆ’: ಅಪಾಯಕಾರಿ. ಮೂತ್ರ ಕಡಿಮೆಯಾದಾಗ ನೀರು ದೇಹದಲ್ಲೇ ಉಳಿದು ಊತ ಮತ್ತು ಬಿಪಿ ಹೆಚ್ಚುತ್ತದೆ. ವೈದ್ಯರು ಹೇಳಿದಷ್ಟೇ ನೀರು ಕೊಡಿ. ಉಪ್ಪು, ಉಪ್ಪಿನಕಾಯಿ, ಹಪ್ಪಳ ಬೇಡ.

ಎರಡನೇ ಪರೀಕ್ಷೆ ತಪ್ಪಿಸಬೇಡಿ

ಸಿ3 ಸಾಮಾನ್ಯವಾಗಿ 6ರಿಂದ 8 ವಾರಗಳಲ್ಲಿ ಮೊದಲಿನ ಮಟ್ಟಕ್ಕೆ ಬರುತ್ತದೆ. ಅಷ್ಟರಲ್ಲಿ ಊತ ಇಳಿದು ಮಗು ಆಟವಾಡುತ್ತಿರುತ್ತದೆ. ‘ಹುಷಾರಾಗಿದ್ದಾನಲ್ಲ, ಮತ್ತೇಕೆ ಸೂಜಿ ಚುಚ್ಚಿಸುವುದು?’ ಎಂದು ಮನೆಯವರು ಸುಮ್ಮನಾಗಿಬಿಡುತ್ತಾರೆ. ಆದರೆ ಮೊದಲ ಪರೀಕ್ಷೆಯಷ್ಟೇ ಇದೂ ಮುಖ್ಯ. 8ರಿಂದ 12 ವಾರ ಕಳೆದರೂ ಸಿ3 ಕಡಿಮೆಯೇ ಇದ್ದರೆ ಲೂಪಸ್ ಅಥವಾ ಸಿ3 ಗ್ಲೊಮೆರುಲೋಪತಿಯಂಥ ಬೇರೆ ಕಾಯಿಲೆ ಇರಬಹುದು. ಆಗ ಕಿಡ್ನಿ ಬಯಾಪ್ಸಿ ಬೇಕಾಗಬಹುದು. ಇಂಥ ಕಾಯಿಲೆಗಳಿಗೆ ಚಿಕಿತ್ಸೆ ಬೇರೆ. ತಡವಾದಷ್ಟೂ ಕಿಡ್ನಿಗೆ ಹಾನಿ.

ತಕ್ಷಣ ಆಸ್ಪತ್ರೆಗೆ ಯಾವಾಗ?

ತೀವ್ರ ತಲೆನೋವು, ವಾಂತಿ, ಕಣ್ಣು ಮಂಜಾಗುವುದು, ಫಿಟ್ಸ್, ಉಸಿರಾಟದ ತೊಂದರೆ ಅಥವಾ ಮೂತ್ರ ತೀರಾ ಕಡಿಮೆಯಾಗುವುದು ಕಂಡರೆ ಕಾಯಬೇಡಿ. ಬಿಪಿ ವಿಪರೀತ ಏರಿರಬಹುದು.

ಮೊದಲ ರಿಪೋರ್ಟ್ ಜೋಪಾನವಾಗಿಡಿ, ಮುಂದಿನ ಪರೀಕ್ಷೆಯ ದಿನಾಂಕವನ್ನು ಅದರ ಮೇಲೆಯೇ ಬರೆದಿಡಿ.