ತಾಯಿ-ಶಿಶು ಪೋಷಣೆಯ ಚರಿತ್ರೆ

ತಾಯಿ-ಶಿಶು ಪೋಷಣೆ: ಹೆಣ್ಣು ಬಸುರಾದಂದಿನಿಂದ ಮಗುವಿಗೆ ಎರಡು ವರ್ಷ ತುಂಬುವವರೆಗೆ ಇಬ್ಬರಿಗೂ ಸಿಗಬೇಕಾದ ಆಹಾರ, ಮತ್ತು ಆ ಆಹಾರಕ್ಕೂ ಮಗುವಿನ ಮೈ-ಮಿದುಳುಗಳ ಬೆಳವಣಿಗೆಗೂ ಇರುವ ನಂಟನ್ನು ಕುರಿತ ಅರಿವು. ಗರ್ಭದಲ್ಲಿ 270 ದಿನ, ಹೊರಗೆ 730 ದಿನ, ಒಟ್ಟು 1,000 ದಿನ ಎಂಬ ಲೆಕ್ಕ ಈಗ ಹಲವು ದೇಶಗಳ ಆರೋಗ್ಯ ಇಲಾಖೆಗಳಲ್ಲಿ ಬಳಕೆಯಲ್ಲಿದೆ. ಈ ಲೆಕ್ಕಕ್ಕೆ ಬರಲು ಆಧುನಿಕ ವೈದ್ಯಶಾಸ್ತ್ರ ಹಿಂದಹಿಂದಕ್ಕೆ ನಡೆಯಬೇಕಾಯಿತು. ಅದು ಮೊದಲು ಕಂಡದ್ದು ಕಾಯಿಲೆ ಬಿದ್ದ ಮಗುವನ್ನು. ಆಮೇಲೆ ಹಾಲು ಕುಡಿಯುವ ಕೂಸನ್ನು, ಅದಾದ ಮೇಲೆ ಬಸುರಿಯನ್ನು, ಕಟ್ಟಕಡೆಗೆ ಇನ್ನೂ ಬಸುರಾಗದ ಹುಡುಗಿಯನ್ನು. ತಾಯಿಯ ತಟ್ಟೆಯ ಕಡೆ ಕಣ್ಣು ಹೊರಳಲು ಇಷ್ಟು ಕಾಲ ಹಿಡಿದದ್ದೇ ಈ ಚರಿತ್ರೆಯ ನೋವಿನ ಎಳೆ. ಆ ನಡಿಗೆಯ ಹಲವು ಹೆಜ್ಜೆಗಳು ಮೈಸೂರು ಸೀಮೆಯಲ್ಲೇ ಬಿದ್ದಿವೆ.

ಆಯುರ್ವೇದ ಬಸುರಿಯನ್ನು ಮರೆತಿರಲಿಲ್ಲ. ಚರಕಸಂಹಿತೆಯ ಶಾರೀರಸ್ಥಾನ ಗರ್ಭಿಣಿಗೆ ತಿಂಗಳು ತಿಂಗಳಿಗೂ ಆಹಾರ ಹೇಳುತ್ತದೆ: ಮೊದಲ ತಿಂಗಳು ಬರಿಯ ಹಾಲು, ಮೂರನೆಯದರಲ್ಲಿ ಜೇನು-ತುಪ್ಪ ಬೆರೆತ ಹಾಲು, ನಾಲ್ಕನೆಯದರಲ್ಲಿ ಬೆಣ್ಣೆ. ನಾಲ್ಕನೆಯ ತಿಂಗಳ ಹೊತ್ತಿಗೆ ಮಗುವಿನ ಹೃದಯವೂ ಸೇರಿ ತಾಯಿ ಎರಡು ಹೃದಯದವಳಾಗುತ್ತಾಳೆ, ಅವಳ ಬಯಕೆಯನ್ನು ತಡೆದರೆ ಮಗುವಿಗೆ ಕೇಡು ಎಂದು ಸುಶ್ರುತಸಂಹಿತೆ ಎಚ್ಚರಿಸುತ್ತದೆ. ನಮ್ಮ ಸೀಮಂತದ ಸಿಹಿತಿಂಡಿಗಳ ಹಿಂದೆ, ಬಸುರಿ ಬಯಸಿದ್ದನ್ನು ಇಲ್ಲವೆನ್ನಬಾರದೆಂಬ ಮನೆಮಾತಿನ ಹಿಂದೆ ಇರುವುದು ಇದೇ ತಿಳಿವಳಿಕೆ. ಮಕ್ಕಳ ವೈದ್ಯಕ್ಕೇ ಮೀಸಲಾದ ಕಾಶ್ಯಪಸಂಹಿತೆ ಆರನೆಯ ತಿಂಗಳಲ್ಲಿ ಕೂಸಿಗೆ ಹಣ್ಣು ತಿನ್ನಿಸುವ ಶಾಸ್ತ್ರವನ್ನು ಹೇಳುತ್ತದೆ. ಆದರೆ ಇವೆಲ್ಲ ಹಾಲು-ತುಪ್ಪ ಉಳ್ಳ ಮನೆಗಳಿಗೆ ಬರೆದ ಮಾತು. ಕೂಲಿಗೆ ಹೋಗುವ ಬಸುರಿ ಏನು ಉಂಡಳು ಎಂಬುದನ್ನು ಯಾವ ಸಂಹಿತೆಯೂ ಬರೆದಿಡಲಿಲ್ಲ.

ಮನೆಯೊಳಗಿನ ರೂಢಿಗಳಲ್ಲಿ ಒಳ್ಳೆಯದೂ ಕೆಟ್ಟದ್ದೂ ಬೆರೆತಿದ್ದವು. ಬಾಣಂತಿಗೆ ಉತ್ತರ ಕರ್ನಾಟಕದಲ್ಲಿ ಅಂಟಿನ ಉಂಡಿ, ಹಳೆಯ ಮೈಸೂರಿನಲ್ಲಿ ಮದ್ದಿನ ಪುಡಿ, ಕೂಸಿಗೆ ರಾಗಿ ಸರಿ. ಮತ್ತೊಂದು ಕಡೆ, ಹೆತ್ತ ಕೂಡಲೇ ಬರುವ ಹಳದಿ ಹಾಲನ್ನು ಹಿಂಡಿ ಚೆಲ್ಲುವುದು, ಬಾಣಂತಿಗೆ ನೀರು ಕಡಿಮೆ ಮಾಡುವುದು, ಮಗು ದಪ್ಪವಾದರೆ ಹೆರಿಗೆ ಕಷ್ಟವೆಂದು ಬಸುರಿಯ ಊಟವನ್ನೇ ಇಳಿಸುವುದು. ಈ ಕೊನೆಯ ಭಯವನ್ನು ಮೌಢ್ಯವೆಂದು ತಳ್ಳಿಹಾಕುವುದು ಸರಿಯಲ್ಲ. ಆಸ್ಪತ್ರೆ ಇಲ್ಲದ ಊರಿನಲ್ಲಿ ಕೂಸು ಅಡ್ಡ ಸಿಕ್ಕಿಕೊಂಡರೆ ತಾಯಿ ಉಳಿಯುತ್ತಿರಲಿಲ್ಲ. ಚಿಕ್ಕ ಕೂಸು ಅವಳ ಜೀವಕ್ಕೆ ಕಟ್ಟಿದ ಬೆಲೆಯಾಗಿತ್ತು.

ಯುರೋಪಿನಲ್ಲಿ 19ನೆಯ ಶತಮಾನದ ಕಾಳಜಿಯೆಲ್ಲ ಎದೆಹಾಲಿನ ಬದಲಿಗೆ ಏನು ಕೊಡುವುದು ಎಂಬುದರ ಸುತ್ತಲೇ ಸುತ್ತಿತು. ಜರ್ಮನಿಯ ರಸಾಯನಜ್ಞ ಯುಸ್ಟುಸ್ ಫಾನ್ ಲೀಬಿಗ್ 1860ರ ದಶಕದಲ್ಲಿ ಶಿಶು ಆಹಾರವೊಂದನ್ನು ಮಾಡಿದ. 1867ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹೆನ್ರಿ ನೆಸ್ಲೆ ಹಾಲು-ಹಿಟ್ಟಿನ ಪುಡಿಯನ್ನು ಮಾರಾಟಕ್ಕೆ ತಂದ. ಪ್ಯಾರಿಸ್ಸಿನಲ್ಲಿ ಪಿಯೆರ್ ಬ್ಯುಡೆನ್ 1892ರಲ್ಲಿ ತೆರೆದ ಚಿಕಿತ್ಸಾಲಯದಲ್ಲಿ ಹಸುಗೂಸುಗಳ ತೂಕವನ್ನು ತಪ್ಪದೆ ನೋಡಿ ತಾಯಂದಿರಿಗೆ ಹಾಲೂಡಿಸಲು ಒತ್ತಾಸೆ ಕೊಡಲಾಯಿತು. ಇಂದು ಅಂಗನವಾಡಿಯಲ್ಲಿ ಮಕ್ಕಳನ್ನು ತೂಗುವ ರೂಢಿಯ ಹಿರಿಯಜ್ಜಿ ಅದೇ. ಡಬ್ಬಿಯ ಹಾಲು ಬಡವರ ನಾಡುಗಳಿಗೆ ಹೋದಾಗ ಆದ ಅನಾಹುತವನ್ನು ಗಟ್ಟಿ ದನಿಯಲ್ಲಿ ಹೇಳಿದವರು ಸಿಸಿಲಿ ವಿಲಿಯಮ್ಸ್. ಇಂದಿನ ಘಾನಾದಲ್ಲಿ ಕೆಲಸ ಮಾಡುತ್ತಿದ್ದ ಈ ವೈದ್ಯೆ 1930ರ ದಶಕದಲ್ಲಿ ಕ್ವಾಶಿಯೋರ್ಕರ್ ಕಾಯಿಲೆಯನ್ನು ವಿವರಿಸಿದರು. ಮುಂದಿನ ಕೂಸು ಹುಟ್ಟಿದಾಗ ಎದೆಯಿಂದ ಕೆಳಗಿಳಿದ ಮಗುವಿಗೆ ಬರುವ ಕಾಯಿಲೆ ಎಂಬುದು ಆ ಹೆಸರಿನ ಅರ್ಥ. 1939ರಲ್ಲಿ ಸಿಂಗಪುರದಲ್ಲಿ ಮಾಡಿದ ಭಾಷಣದಲ್ಲಿ ಅವರು ಡಬ್ಬಿಹಾಲಿನ ತಪ್ಪು ಪ್ರಚಾರವನ್ನು ಕೊಲೆಯೆಂದೇ ಕರೆದರು. ಅದನ್ನು ಹತೋಟಿಗೆ ತರುವ ಅಂತಾರಾಷ್ಟ್ರೀಯ ಸಂಹಿತೆ ಬಂದದ್ದು 1981ರಲ್ಲಿ, ಭಾರತದ ಕಾನೂನು 1992ರಲ್ಲಿ.

ಬಸುರಿಯ ಊಟವೇ ಕಾಯಿಲೆಗೆ ಕಾರಣವೆಂದು ತೋರಿಸಿದ ಮೊದಲ ದೊಡ್ಡ ಸಂಶೋಧನೆಗಳಲ್ಲೊಂದು ನಡೆದದ್ದು ಮುಂಬೈಯಲ್ಲಿ. ಲಂಡನ್ನಿನ ಲೂಸಿ ವಿಲ್ಸ್ 1928ರಲ್ಲಿ ಅಲ್ಲಿಗೆ ಬಂದು, ಹಾಫ್‌ಕಿನ್ ಸಂಸ್ಥೆಯಲ್ಲಿ ಬಸುರಿಯರ ತೀವ್ರ ರಕ್ತಹೀನತೆಯ ಬೆನ್ನುಹತ್ತಿದರು. ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಹೆಂಗಸರಲ್ಲಿ ಅದು ಹೆಚ್ಚು. ಸೋಂಕು ಕಾರಣವಿರಬಹುದೆಂದು ಹುಡುಕಿದರು, ಸಿಗಲಿಲ್ಲ. ಆಮೇಲೆ ಅವರು ಆ ಹೆಂಗಸರ ಅಡುಗೆಯನ್ನು ನೋಡಿದರು. ಹಣ್ಣು-ತರಕಾರಿ, ಹಾಲು, ಮಾಂಸ ಎಲ್ಲವೂ ತೀರ ಕಡಿಮೆ. ಅದೇ ಆಹಾರ ಕೊಟ್ಟ ಇಲಿಗಳೂ ಕೋತಿಗಳೂ ರಕ್ತ ಕಳೆದುಕೊಂಡವು. ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರ ಕೊಟ್ಟಾಗ ಚೇತರಿಸಿಕೊಂಡವು, ಬಸುರಿಯರೂ ಚೇತರಿಸಿಕೊಂಡರು. 1931ರಲ್ಲಿ ಈ ವಿಷಯ ಅಚ್ಚಾಯಿತು. ಆ ಸಾರದಲ್ಲಿದ್ದ ಅಂಶ ಯಾವುದೆಂದು ತಿಳಿಯಲು ಇನ್ನೂ ಹತ್ತು ವರ್ಷ ಬೇಕಾಯಿತು. 1941ರಲ್ಲಿ ಅದನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ, ಎಲೆಯೆಂಬ ಅರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆಮ್ಲವೆಂದು ಕರೆದರು. ಗರ್ಭ ಕಟ್ಟುವ ಮೊದಲಿಂದಲೇ ಅದನ್ನು ಸೇವಿಸಿದರೆ ಮಗುವಿನ ಬೆನ್ನುಹುರಿಯ ಹುಟ್ಟುದೋಷಗಳು ಮುಕ್ಕಾಲು ಪಾಲಿಗೆ ಹತ್ತಿರದಷ್ಟು ತಪ್ಪುತ್ತವೆ ಎಂದು 1991ರ ಪ್ರಯೋಗ ತೋರಿಸಿತು. ಬೆನ್ನುಹುರಿಯ ನಾಳ ಮುಚ್ಚಿಕೊಳ್ಳುವುದು ಗರ್ಭ ನಿಂತ ನಾಲ್ಕು ವಾರದೊಳಗೆ, ಹಲವು ಹೆಂಗಸರಿಗೆ ತಾವು ಬಸುರೆಂಬುದೇ ತಿಳಿಯುವ ಮುಂಚೆ.

ವಿಲ್ಸ್ ಕೆಲಕಾಲ ಕೂನೂರಿನಲ್ಲೂ ಕೆಲಸ ಮಾಡಿದರು. ಅಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ 1918ರಲ್ಲಿ ಒಂದೇ ಕೋಣೆಯಲ್ಲಿ ಶುರುಮಾಡಿದ್ದ ಬೆರಿಬೆರಿ ಅಧ್ಯಯನ ಮುಂದೆ ಪೋಷಣಾ ಪ್ರಯೋಗಾಲಯವಾಗಿ, 1958ರಲ್ಲಿ ಹೈದರಾಬಾದಿಗೆ ಹೋಗಿ, ಈಗ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ. ಆ ಪ್ರಯೋಗಾಲಯದ ಸಿ. ಗೋಪಾಲನ್ 1950ರ ದಶಕದಲ್ಲಿ ಬಡ ತಾಯಂದಿರ ಎದೆಹಾಲನ್ನು ಅಳೆದರು. ಅರೆಹೊಟ್ಟೆಯಲ್ಲಿದ್ದ ಹೆಂಗಸರೂ ಅಚ್ಚರಿಯಾಗುವಷ್ಟು ಹಾಲು ಕೊಡುತ್ತಿದ್ದರು. ಕೂಸಿಗೆ ಕೊರತೆಯಾಗದಂತೆ ತಾಯಿಯ ಮೈ ತನ್ನನ್ನೇ ಕರಗಿಸಿಕೊಳ್ಳುತ್ತಿತ್ತು. ಮಗು ಚೆನ್ನಾಗಿರುವುದನ್ನು ಕಂಡು ತಾಯಿಯೂ ಚೆನ್ನಾಗಿದ್ದಾಳೆಂದು ತಿಳಿಯುವುದು ಎಷ್ಟು ದೊಡ್ಡ ತಪ್ಪು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

1950ರಲ್ಲಿ ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ, ಊರವರ ಬಾಯಲ್ಲಿ ಸಿಎಫ್‌ಟಿಆರ್‌ಐ, ಆರಂಭವಾಯಿತು. ಮೊದಲ ನಿರ್ದೇಶಕ ವಿ. ಸುಬ್ರಹ್ಮಣ್ಯನ್. ಮಕ್ಕಳ ಅಪೌಷ್ಟಿಕತೆಗೆ ಮೂಲ ಕಾರಣ ಪ್ರೋಟೀನಿನ ಕೊರತೆ ಎಂದು ಜಗತ್ತೆಲ್ಲ ನಂಬಿದ್ದ ಕಾಲ ಅದು. ಸಂಸ್ಥೆ ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮುಕ್ಕಾಲು, ಕಡಲೆ ಹಿಟ್ಟು ಕಾಲು ಬೆರೆಸಿ, ಜೀವಸತ್ವ ಸೇರಿಸಿ ವಿವಿಧೋದ್ದೇಶ ಆಹಾರವನ್ನು ರೂಪಿಸಿತು. ಕೊಬ್ಬು ಹೆಚ್ಚಿರುವ, ಗಟ್ಟಿಯಾಗಿ ಒಡೆಯುವ ಎಮ್ಮೆಹಾಲಿನಿಂದ ಕೂಸಿಗೆ ಒಗ್ಗುವ ಪುಡಿಯನ್ನು ಮಾಡುವ ಬಗೆ ಕಂಡುಹಿಡಿದದ್ದೂ ಅಲ್ಲಿಯೇ. ಅಮುಲ್‌ನ ಶಿಶು ಆಹಾರ ಬಂದದ್ದು ಆ ಕೆಲಸದಿಂದ. ಆದರೆ ಪ್ರೋಟೀನಿನ ನಂಬಿಕೆ ಬಹುಕಾಲ ನಿಲ್ಲಲಿಲ್ಲ. 1970ರ ದಶಕದ ಆರಂಭದಲ್ಲಿ ಗೋಪಾಲನ್ ತಂಡ ಹೈದರಾಬಾದಿನ ಬಡ ಮಕ್ಕಳಿಗೆ ದಿನಕ್ಕೆ ಸುಮಾರು 300 ಕ್ಯಾಲೊರಿಯ, ಪ್ರೋಟೀನು ತೀರ ಕಡಿಮೆ ಇರುವ ತಿಂಡಿ ಕೊಟ್ಟು ನೋಡಿತು. ಮಕ್ಕಳು ಬೆಳೆದರು. ಅವರಿಗೆ ಕಡಿಮೆಯಾಗಿದ್ದದ್ದು ಹೊಟ್ಟೆತುಂಬ ಊಟ.

ಆಗ ಮತ್ತೊಂದು ಪ್ರಶ್ನೆ ಎದ್ದಿತು. ಊಟವಿದ್ದರೂ ಸಣ್ಣ ಹೊಟ್ಟೆಗೆ ಎಷ್ಟು ಹಿಡಿಸೀತು? ಹಿಟ್ಟನ್ನು ಬೇಯಿಸಿದರೆ ಅದು ನೀರು ಹೀರಿ ಗಟ್ಟಿಯಾಗುತ್ತದೆ. ಕೂಸಿಗೆ ಕುಡಿಸಲು ತಾಯಿ ನೀರು ಹೊಯ್ಯುತ್ತಾಳೆ. ಲೋಟ ತುಂಬುತ್ತದೆ, ಕಸುವು ತುಂಬುವುದಿಲ್ಲ. ಸಿಎಫ್‌ಟಿಆರ್‌ಐನ ಎಚ್. ಎಸ್. ಆರ್. ದೇಶಿಕಾಚಾರ್, ಎನ್. ಜಿ. ಮಲ್ಲೇಶಿ ಮೊದಲಾದವರು 1980ರ ಆಸುಪಾಸಿನಲ್ಲಿ ಮೊಳಕೆ ಬರಿಸಿದ ರಾಗಿಯನ್ನು ಪರೀಕ್ಷಿಸಿದರು. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಕತ್ತರಿಸುವುದರಿಂದ ಹೆಚ್ಚು ಹಿಟ್ಟು ಹಾಕಿದರೂ ಗಂಜಿ ತೆಳುವಾಗಿಯೇ ಉಳಿಯುತ್ತದೆ. ಅಂದರೆ ಅದೇ ಲೋಟದಲ್ಲಿ ಕೂಸಿಗೆ ಹೆಚ್ಚು ಆಹಾರ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳೆತ ಮೇಲೆ ನೆರಳಲ್ಲಿ ಒಣಗಿಸಿ, ಬೀಸಿ, ತೆಳು ಬಟ್ಟೆಯಲ್ಲಿ ಸೋಸಿ ಸರಿಹಿಟ್ಟು ಮಾಡುತ್ತಿದ್ದ ಅಜ್ಜಿಯರು ಯಾವ ಕಿಣ್ವದ ಹೆಸರನ್ನೂ ಕೇಳಿದವರಲ್ಲ. ಆದರೆ ಅವರ ಕೈ ಮಾಡುತ್ತಿದ್ದದ್ದು ಅದೇ ಕೆಲಸ. ವಿಜ್ಞಾನ ಅಡುಗೆಮನೆಗೆ ಹೋಗಿ ಕಲಿತು ಬಂದ ಇಂಥ ಸಂದರ್ಭಗಳು ಪೋಷಣೆಯ ಚರಿತ್ರೆಯಲ್ಲಿ ಬೆರಳೆಣಿಕೆಯಷ್ಟಿವೆ.

ಸರ್ಕಾರದ ಕೈ ಈ ಕೆಲಸಕ್ಕೆ ಗಟ್ಟಿಯಾಗಿ ತಗುಲಿದ್ದು 1970ರಿಂದ ಈಚೆಗೆ. ಆ ವರ್ಷ ಬಸುರಿಯರಿಗೆ ಕಬ್ಬಿಣ-ಫೋಲಿಕ್ ಆಮ್ಲದ ಮಾತ್ರೆಗಳನ್ನು ಕೊಡುವ ರಾಷ್ಟ್ರೀಯ ಕಾರ್ಯಕ್ರಮ ಬಂತು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಪ್ರಾಯೋಗಿಕವಾಗಿ ಶುರುವಾಯಿತು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಅಂಗನವಾಡಿ ಎಂಬ ಮಾತು ಊರಿನ ಮಾತಾಗಿ ಹೋದದ್ದು ಆಗಿನಿಂದ. ಆರು ವರ್ಷದೊಳಗಿನ ಮಕ್ಕಳ ಜೊತೆಗೆ ಬಸುರಿ-ಬಾಣಂತಿಯರೂ ಯೋಜನೆಯ ಪಟ್ಟಿಯಲ್ಲಿದ್ದರು. ಆದರೆ ಅಂಗನವಾಡಿಗೆ ನಡೆದು ಬರಬಲ್ಲ ಮಕ್ಕಳು ಮೂರು ದಾಟಿದವರು. ಆಹಾರದ ಗುಣ ಹೆಚ್ಚು ತಟ್ಟುವ ಎರಡು ವರ್ಷದೊಳಗಿನ ಕೂಸು ಮನೆಯ ತೊಟ್ಟಿಲಲ್ಲಿತ್ತು. ಬಸುರಿಗೆಂದು ಕಟ್ಟಿಕೊಟ್ಟ ಪೊಟ್ಟಣ ಮನೆ ತಲುಪಿ ಎಲ್ಲರ ತಟ್ಟೆಗೂ ಹಂಚಿಹೋಗುತ್ತಿತ್ತು. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳಿಗೆ ಬೇರೆ ಪಾಲೆಂಬುದು ನಮ್ಮ ಮನೆಗಳಲ್ಲಿ ಸುಲಭಕ್ಕೆ ಉಳಿಯುವ ವಸ್ತುವಲ್ಲ.

ಈ ನಡುವೆ ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಬೇರೊಂದು ಸಂಪತ್ತು ಧೂಳು ಹಿಡಿದು ಕೂತಿತ್ತು. ಮಿಷನ್ ಆಸ್ಪತ್ರೆ ಎಂದೇ ಊರಿಗೆಲ್ಲ ಗೊತ್ತಿರುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟ ಹೆರಿಗೆ ದಾಖಲೆಗಳಿದ್ದವು. ಗರ್ಭದಲ್ಲಿ ಪೋಷಣೆ ಕಡಿಮೆಯಾಗಿ ಸಣ್ಣಗೆ ಹುಟ್ಟಿದವರಿಗೆ ದೊಡ್ಡವರಾದ ಮೇಲೆ ಹೃದಯದ ಕಾಯಿಲೆ ಹೆಚ್ಚೆಂದು ಇಂಗ್ಲೆಂಡಿನ ಡೇವಿಡ್ ಬಾರ್ಕರ್ ಹರ್ಟ್‌ಫರ್ಡ್‌ಶೈರಿನ ಹಳೆಯ ದಾಖಲೆಗಳಿಂದ 1989ರಲ್ಲಿ ಹೇಳಿದ್ದರು. ಬಡದೇಶದಲ್ಲೂ ಇದು ನಿಜವೇ ಎಂದು ನೋಡಲು ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಮೈಸೂರಿನ ಈ ಪುಸ್ತಕಗಳನ್ನು ತೆರೆದರು. ಅಲ್ಲಿ ಹುಟ್ಟಿ, ಊರಲ್ಲೇ ಉಳಿದವರನ್ನು ಮನೆಮನೆ ಸುತ್ತಿ ಹುಡುಕಿದರು. 517 ಜನರ ಮೇಲೆ ನಡೆಸಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ. ಮೂರು ಕಿಲೋ ದಾಟಿ ಹುಟ್ಟಿದವರಲ್ಲಿ ನೂರಕ್ಕೆ 3.

ಸಕ್ಕರೆ ಕಾಯಿಲೆಯ ವಿಷಯದಲ್ಲಿ ಮೈಸೂರು ಬೇರೆ ಮಾತು ಹೇಳಿತು. ಇಂಗ್ಲೆಂಡಿನಲ್ಲಿ ಅದು ತೆಳ್ಳಗೆ ಹುಟ್ಟಿದವರ ಕಾಯಿಲೆ. ಇಲ್ಲಿ, ಉದ್ದ ಕಡಿಮೆಯಿದ್ದು ಅದಕ್ಕೆ ಹೋಲಿಸಿದರೆ ದಪ್ಪಗಿದ್ದ ಕೂಸುಗಳು, ಮೈತೂಕ ಹೆಚ್ಚಿದ್ದ ತಾಯಂದಿರ ಮಕ್ಕಳು, ಮುಂದೆ ಹೆಚ್ಚಾಗಿ ಅದಕ್ಕೆ ತುತ್ತಾಗಿದ್ದರು. ಬಸುರಿಯ ಸಕ್ಕರೆ ಅಂಶವೇ ಕಾರಣವಿರಬಹುದೆಂಬ ಊಹೆಯಿಂದ 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ 830 ಬಸುರಿಯರೊಡನೆ ಪಾರ್ಥೆನಾನ್ ಅಧ್ಯಯನ ಶುರುವಾಯಿತು. ಜಿ. ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಆ ಮಕ್ಕಳನ್ನು ವರ್ಷಗಟ್ಟಲೆ ಬಿಡದೆ ಹಿಂಬಾಲಿಸಿದರು. ನೂರಕ್ಕೆ 43 ತಾಯಂದಿರಲ್ಲಿ ಬಿ12 ಜೀವಸತ್ವದ ಕೊರತೆ ಕಂಡಿತು. ಅದು ಹಾಲು, ಮೊಟ್ಟೆ, ಮಾಂಸಗಳಿಂದಲೇ ಬರಬೇಕಾದ ಜೀವಸತ್ವ. ಅಧ್ಯಯನದ ಮಕ್ಕಳು ಒಂಬತ್ತು-ಹತ್ತು ವರ್ಷದವರಾದಾಗ ಕೊಟ್ಟ ಬುದ್ಧಿ ಪರೀಕ್ಷೆಗಳ ಫಲ 2010ರಲ್ಲಿ ಹೊರಬಂತು. ಬಸುರಿನಲ್ಲಿ ಯಾವ ತಾಯಂದಿರ ರಕ್ತದಲ್ಲಿ ಫೋಲೇಟ್, ಅಂದರೆ ಅದೇ ಫೋಲಿಕ್ ಆಮ್ಲದ ಅಂಶ, ಹೆಚ್ಚಿತ್ತೋ ಅವರ ಮಕ್ಕಳು ಮೇಲಿದ್ದರು. ಮುಂಬೈಯ ಗಿರಣಿ ಹೆಂಗಸರಿಂದ ಹೊರಟ ದಾರಿ ಹೀಗೆ ಮೈಸೂರಿನ ಶಾಲಾ ಮಕ್ಕಳವರೆಗೆ ಬಂದು ಮುಟ್ಟಿತು.

ಇನ್ನೂ ಹಿಂದಕ್ಕೆ ಹೋದದ್ದು 2006ರಲ್ಲಿ ಆರಂಭವಾದ ಮುಂಬೈ ಪ್ರಯೋಗ. ಕೊಳಗೇರಿಗಳ 6,500ಕ್ಕೂ ಹೆಚ್ಚು ಹೆಂಗಸರು ಅದರಲ್ಲಿ ಸೇರಿದರು. ಅವರಲ್ಲಿ ಅರ್ಧದಷ್ಟು ಮಂದಿಗೆ ಬಸುರಾಗುವ ಮೊದಲಿಂದಲೇ ಸೊಪ್ಪು, ಹಣ್ಣು, ಹಾಲು ಸೇರಿಸಿ ಕರಿದ ತಿಂಡಿಯನ್ನು ದಿನವೂ ಕೊಟ್ಟರು. ಎಲ್ಲರನ್ನೂ ಒಟ್ಟಿಗೆ ಲೆಕ್ಕ ಹಾಕಿದಾಗ ಹುಟ್ಟುತೂಕದಲ್ಲಿ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. ಗರ್ಭ ನಿಲ್ಲುವ ಮೂರು ತಿಂಗಳ ಮೊದಲೇ ತಿನ್ನತೊಡಗಿದವರ ಕೂಸುಗಳು ಮಾತ್ರ 48 ಗ್ರಾಂ ಹೆಚ್ಚು ತೂಗಿದವು. ತೀರ ಬಡಕಲಾಗಿದ್ದ ಹೆಂಗಸರಿಗೆ ಆ ಲಾಭವೂ ಸಿಗಲಿಲ್ಲ. ವರ್ಷಗಳ ಹಸಿವನ್ನು ಕೆಲವು ತಿಂಗಳ ತಿಂಡಿ ತೀರಿಸಲಾರದು.

ಕರ್ನಾಟಕದಲ್ಲಿ 2013ರಲ್ಲಿ ಕ್ಷೀರ ಭಾಗ್ಯದ ಹಾಲು ಶಾಲೆ-ಅಂಗನವಾಡಿಗಳಿಗೆ ಬಂತು. 2017ರ ಅಕ್ಟೋಬರ್ 2ರಂದು ರಾಜ್ಯವಿಡೀ ಜಾರಿಯಾದ ಮಾತೃಪೂರ್ಣ ಯೋಜನೆ, ಪೊಟ್ಟಣ ಹಂಚಿಹೋಗುವ ಹಳೆಯ ತೊಡಕಿಗೆ ನೇರ ಉತ್ತರ ಹುಡುಕಿತು: ಬಸುರಿ-ಬಾಣಂತಿಯರು ಅಂಗನವಾಡಿಗೇ ಬಂದು ಅನ್ನ-ಸಾಂಬಾರು, ಮೊಟ್ಟೆ ಅಥವಾ ಮೊಳಕೆಕಾಳು, ಹಾಲು, ಕಡಲೆಕಾಯಿ ಚಿಕ್ಕಿ ಇರುವ ಮಧ್ಯಾಹ್ನದ ಊಟ ಮಾಡುವುದು. ಆಲೋಚನೆ ಸರಿಯಾದದ್ದು. ಮಲೆನಾಡಿನ ಒಂಟಿಮನೆಗಳಿಂದ ತುಂಬುಬಸುರಿ ದಿನವೂ ನಡೆದು ಬರುವುದು, ಹಸಿಬಾಣಂತಿ ಹೊಸಿಲು ದಾಟುವುದು ಎಷ್ಟು ಕಷ್ಟವೆಂಬುದು ಆಮೇಲೆ ಅನುಭವಕ್ಕೆ ಬಂತು.

2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಶೇ. 35.4, ಹಿಂದಿನ ಸಮೀಕ್ಷೆಯಲ್ಲಿ ಶೇ. 36.2. ಎತ್ತರಕ್ಕೆ ತಕ್ಕ ತೂಕವಿಲ್ಲದವರು ಮಾತ್ರ ಶೇ. 26.1ರಿಂದ 19.5ಕ್ಕೆ ಇಳಿದಿದ್ದರು. ರಕ್ತಹೀನ ಬಸುರಿಯರು ಶೇ. 45.4ರಿಂದ 45.7ಕ್ಕೆ ಏರಿದ್ದರು. ಲೂಸಿ ವಿಲ್ಸ್ ಮುಂಬೈಯಲ್ಲಿ ಹಡಗಿಳಿದು ಅಷ್ಟರಲ್ಲಿ ತೊಂಬತ್ತು ವರ್ಷ ಕಳೆದಿತ್ತು.