ಗೆಲುವು ಮತ್ತು ಹೆಸರು

೨೦೦೭ನೆಯ ಇಸವಿಯ ಫೆಬ್ರವರಿ ತಿಂಗಳಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕಿನ ಟೆನಿಸ್ ಅಂಗಳದಲ್ಲಿ ಮಹಿಳೆಯರ ಅಂತರರಾಷ್ಟ್ರೀಯ ಪಂದ್ಯಾವಳಿಯೊಂದು ನಡೆಯಿತು. ಹಿಂದಿನ ವರ್ಷ ಅದೇ ಪಂದ್ಯಾವಳಿಯನ್ನು ಗೆದ್ದಿದ್ದ ಇಟಲಿಯ ಮಾರಾ ಸಾಂಟಾಂಜೆಲೊ ಈ ಸಲವೂ ಅಂತಿಮ ಪಂದ್ಯಕ್ಕೆ ಬಂದಿದ್ದಳು. ಹತ್ತೊಂಬತ್ತು ವರ್ಷದ ರಷ್ಯದ ತರುಣಿಯೊಬ್ಬಳು ಆಕೆಯನ್ನು ೬-೪, ೬-೪ರಿಂದ ಸೋಲಿಸಿ ಪ್ರಶಸ್ತಿಯನ್ನು ಪಡೆದಳು. ಆ ತರುಣಿಯ ಹೆಸರು ಯಾರೋಸ್ಲಾವಾ ಶ್ವೆಡೋವಾ. ಮುಂದೆ ಆಕೆ ಬಹುಕಾಲ ಆಡಿದಳು. ಆದರೆ ಮಹಿಳಾ ಟೆನಿಸ್ಸಿನ ಮೇಲ್ದರ್ಜೆಯ ಸಿಂಗಲ್ಸ್ ಆಟದಲ್ಲಿ ಆಕೆಗೆ ದೊರೆತ ಪ್ರಶಸ್ತಿ ಬೆಂಗಳೂರಿನ ಅದೊಂದೇ.

ನಮ್ಮ ನಾಡಿನ ನೆಲದಲ್ಲಿಯೇ ಗೆದ್ದ ಈ ಹೆಸರನ್ನು ನಮ್ಮಲ್ಲಿ ಎಷ್ಟು ಮಂದಿ ನೆನಪಿಟ್ಟುಕೊಂಡಿದ್ದೇವೆ? ಅದೇ ಅನ್ನಾ ಕೂರ್ನಿಕೋವಾ ಎಂದು ನೋಡಿ; ಎಂದೂ ಟೆನಿಸ್ ಬ್ಯಾಟನ್ನು ಕೈಯಲ್ಲಿ ಹಿಡಿಯದವರೂ ಹೆಸರು ಕೇಳಿದ್ದೇವೆ ಎನ್ನುವರು. ಆ ಕೂರ್ನಿಕೋವಾ ಇಂತಹ ಸಿಂಗಲ್ಸ್ ಪ್ರಶಸ್ತಿಯನ್ನು ಒಂದನ್ನೂ ಗೆಲ್ಲಲಿಲ್ಲ! ಗೆಲುವೊಂದು ಕಡೆ, ಹೆಸರೊಂದು ಕಡೆ ಹೋಗುವ ಈ ವಿಚಿತ್ರವು ಹೇಗೆ ಬಂತೆಂಬುದನ್ನು ತಿಳಿಯಬೇಕಾದರೆ ರಷ್ಯದ ಟೆನಿಸ್ಸಿನ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಸೋವಿಯತ್ ಆಡಳಿತದ ದೃಷ್ಟಿಯಲ್ಲಿ ಟೆನಿಸ್ ಬಹುಕಾಲ ಸಿರಿವಂತರ ಆಟವಾಗಿತ್ತು. ಒಲಿಂಪಿಕ್ ಕ್ರೀಡೆಗಳಲ್ಲಿ ೧೯೨೪ರ ತರುವಾಯ ಅದಕ್ಕೆ ಪದಕವಿರಲಿಲ್ಲ. ಪದಕವಿಲ್ಲದ ಆಟಕ್ಕೆ ಸರ್ಕಾರದ ಒತ್ತಾಸೆಯೂ ಕಡಮೆ. ಆದರೂ ೧೯೭೪ರಲ್ಲಿ ಓಲ್ಗಾ ಮೊರೋಜೋವಾ ಎಂಬಾಕೆ ಫ್ರೆಂಚ್ ಪಂದ್ಯಾವಳಿಯಲ್ಲಿಯೂ ವಿಂಬಲ್ಡನ್ನಿನಲ್ಲಿಯೂ ಅಂತಿಮ ಪಂದ್ಯದವರೆಗೆ ಬಂದು, ಎರಡರಲ್ಲಿಯೂ ಅಮೆರಿಕದ ಕ್ರಿಸ್ ಎವರ್ಟಳಿಗೆ ಸೋತಳು. ೧೯೮೮ರ ಸೋಲ್ ಒಲಿಂಪಿಕ್ಸಿನಲ್ಲಿ ಟೆನಿಸ್ಸಿಗೆ ಮರಳಿ ಪದಕವುಂಟಾಯಿತು. ಆಟಕ್ಕೆ ಮರ್ಯಾದೆಯೂ ಬಂತು. ಆದರೆ ವಿದೇಶಗಳಲ್ಲಿ ಗೆದ್ದ ಬಹುಮಾನದ ಹಣದ ಬಹುಭಾಗ ಆಟಗಾರರ ಕೈಸೇರುತ್ತಿರಲಿಲ್ಲ. ೧೯೮೯ರಲ್ಲಿ ಮಿನ್ಸ್ಕ್ ನಗರದ ನತಾಶಾ ಜ್ವೆರೆವಾ ಅಮೆರಿಕದ ದೂರದರ್ಶನದ ಮುಂದೆ ನಿಂತು, ತಾನು ಗಳಿಸಿದ ಹಣ ತನಗೆ ಬರಬೇಕೆಂದು ಬಾಯಿಬಿಟ್ಟು ಹೇಳಿದಳು. ಹುಡುಗಿಯೊಬ್ಬಳ ಆ ಮಾತು ಅಂದಿನ ಕಾಲಕ್ಕೆ ಸಣ್ಣ ಮಾತಲ್ಲ.

೧೯೯೧ರಲ್ಲಿ ಸೋವಿಯತ್ ಒಕ್ಕೂಟವೇ ಒಡೆಯಿತು. ಹೊಸ ರಷ್ಯದ ಅಧ್ಯಕ್ಷನಾದ ಬೋರಿಸ್ ಯೆಲ್ಟ್ಸಿನ್ ಸ್ವತಃ ಟೆನಿಸ್ ಪ್ರಿಯ. ರಾಷ್ಟ್ರದ ಬೊಕ್ಕಸ ಬರಿದಾಗಿತ್ತು, ಸಂಬಳ ಸಾರಿಗೆಗಳು ತಾರುಮಾರಾಗಿದ್ದುವು. ಗೆದ್ದ ಹಣ ಗೆದ್ದವರಿಗೇ ಎಂದಾದಾಗ ಎಷ್ಟೋ ತಾಯಿತಂದೆಯರಿಗೆ ಮಗಳ ಕೈಯ ಬ್ಯಾಟು ಸಂಸಾರದ ಊರುಗೋಲಿನಂತೆ ತೋರಿತು.

ಈ ಕಾಲದ ಮೊದಲ ಬೆಳೆಯೇ ಕೂರ್ನಿಕೋವಾ. ೧೯೮೧ರಲ್ಲಿ ಮಾಸ್ಕೋದಲ್ಲಿ ಹುಟ್ಟಿ, ಎಳವೆಯಲ್ಲಿಯೇ ಅಮೆರಿಕದ ಫ್ಲಾರಿಡಾಕ್ಕೆ ಹೋಗಿ ಕಲಿತ ಆಕೆ, ೧೯೯೭ರಲ್ಲಿ ಹದಿನಾರನೆಯ ವಯಸ್ಸಿಗೇ ವಿಂಬಲ್ಡನ್ನಿನ ಉಪಾಂತ್ಯ ಪಂದ್ಯವನ್ನು ಆಡಿದಳು. ೨೦೦೦ದಲ್ಲಿ ಜಗತ್ತಿನ ಎಂಟನೆಯ ಸ್ಥಾನಕ್ಕೇರಿದಳು. ಮಾರ್ಟಿನಾ ಹಿಂಗಿಸಳೊಡನೆ ೧೯೯೯ ಮತ್ತು ೨೦೦೨ರಲ್ಲಿ ಆಸ್ಟ್ರೇಲಿಯದ ಡಬಲ್ಸ್ ಪ್ರಶಸ್ತಿಗಳನ್ನು ಗೆದ್ದಳು. ಇವೇನೂ ಹಗುರವಾದ ಸಾಧನೆಗಳಲ್ಲ. ಆದರೆ ಛಾಯಾಚಿತ್ರಗಾರರಿಗೂ ಜಾಹೀರಾತಿನವರಿಗೂ ಬೇಕಾಗಿದ್ದುದು ಆಕೆಯ ಆಟವಲ್ಲ, ರೂಪ. ನಾಲ್ಕು ಸಲ ಸಿಂಗಲ್ಸ್ ಅಂತಿಮ ಪಂದ್ಯಕ್ಕೆ ಬಂದು ನಾಲ್ಕರಲ್ಲಿಯೂ ಸೋತಾಗ, ಹೊಗಳಿದ ಬಾಯಿಗಳೇ ಆಕೆಯನ್ನು ನಗೆಗೀಡುಮಾಡಿದುವು. ಬೆನ್ನುನೋವಿನಿಂದ ಬಳಲಿ ೨೦೦೩ರಲ್ಲಿ ಇಪ್ಪತ್ತೊಂದರ ಹರೆಯಕ್ಕೇ ಆಕೆ ಸಿಂಗಲ್ಸ್ ಆಟದಿಂದ ದೂರವಾದಳು. ಅಳತೆಗೆ ಮೀರಿದ ಹೆಸರು, ಇದ್ದ ಗೆಲುವನ್ನೂ ನುಂಗಿತು.

೨೦೦೪ನೆಯ ವರ್ಷ ರಷ್ಯದ ಮಹಿಳೆಯರ ಸುವರ್ಣವರ್ಷ. ಅನಸ್ತಾಸಿಯಾ ಮಿಸ್ಕಿನಾ ಫ್ರೆಂಚ್ ಪಂದ್ಯಾವಳಿಯನ್ನೂ, ಮರಿಯಾ ಶರಪೋವಾ ವಿಂಬಲ್ಡನ್ನನ್ನೂ, ಸ್ವೆಟ್ಲಾನಾ ಕುಜ್ನೆಟ್ಸೋವಾ ಅಮೆರಿಕದ ಪಂದ್ಯಾವಳಿಯನ್ನೂ ಗೆದ್ದರು. ಮೂವರದೂ ಸಮಾನ ಗೌರವದ ಗೆಲುವೇ. ಮಿಸ್ಕಿನಾ ಅಂತೂ ಈ ಮಟ್ಟದ ಸಿಂಗಲ್ಸ್ ಪ್ರಶಸ್ತಿಯನ್ನು ಗೆದ್ದ ರಷ್ಯದ ಮೊದಲ ಮಹಿಳೆ. ಆದರೂ ಲೋಕದ ಬಾಯಲ್ಲಿ ಉಳಿದುದು ಶರಪೋವಾಳ ಹೆಸರು. ಹದಿನೇಳರ ಹುಡುಗಿ ಸೆರೀನಾ ವಿಲಿಯಮ್ಸಳಂತಹ ಪ್ರಬಲೆಯನ್ನು ಸೋಲಿಸಿದಳೆಂಬುದು ಒಂದು ಕಾರಣ. ಕೈಯಲ್ಲಿ ಏಳುನೂರು ಡಾಲರು ಹಿಡಿದು ಆರೇಳು ವರ್ಷದ ಮಗಳೊಡನೆ ಅಮೆರಿಕಕ್ಕೆ ಬಂದಿಳಿದ ತಂದೆಯ ಕಥೆ ಇನ್ನೊಂದು. ಆಕೆ ಒಟ್ಟು ಐದು ಮಹಾಪ್ರಶಸ್ತಿಗಳನ್ನು ಗೆದ್ದು, ಹನ್ನೊಂದು ವರ್ಷ ಎಡೆಬಿಡದೆ ಜಗತ್ತಿನಲ್ಲೇ ಅತ್ಯಧಿಕ ವರಮಾನದ ಕ್ರೀಡಾಮಹಿಳೆಯೆನಿಸಿದಳು. ೨೦೧೬ರಲ್ಲಿ ನಿಷಿದ್ಧ ಔಷಧದ ಸೇವನೆಗಾಗಿ ದಂಡಿತಳಾಗಿ ಹದಿನೈದು ತಿಂಗಳು ಆಟದಿಂದ ಹೊರಗುಳಿದಾಗ, ಅದೇ ಹೆಸರು ಅಪವಾದವನ್ನೂ ಅಷ್ಟೇ ವೇಗದಲ್ಲಿ ಮನೆಮನೆಗೆ ಮುಟ್ಟಿಸಿತು.

ಇದೆಲ್ಲ ದೂರದೇಶದ ಮಾತೆನ್ನಬೇಡಿ. ಬೆಂಗಳೂರಿನ ಅದೇ ಪಂದ್ಯಾವಳಿ ೨೦೦೮ರಲ್ಲಿ ನಡೆದಾಗ ಸೆರೀನಾ ವಿಲಿಯಮ್ಸಳೇ ಬಂದು ಆಡಿ ಗೆದ್ದಳು. ಆದರೆ ನೆರೆಯ ಹೈದರಾಬಾದಿನ ಸಾನಿಯಾ ಮಿರ್ಜಾ ಬರಲಿಲ್ಲ. ೨೦೦೫ರಲ್ಲಿ ಹೈದರಾಬಾದಿನ ಪಂದ್ಯಾವಳಿಯನ್ನು ಗೆದ್ದು, ಈ ಮಟ್ಟದ ಸಿಂಗಲ್ಸ್ ಪ್ರಶಸ್ತಿಯನ್ನು ಪಡೆದ ಭಾರತದ ಮೊದಲ ಮಹಿಳೆ ಆಕೆ. ಅಂದಿನಿಂದ ಆಕೆಯ ಹೊಡೆತಗಳಿಗಿಂತ ಉಡುಪಿನ ವಿಚಾರವೇ ದೇಶಕ್ಕೆ ಹೆಚ್ಚು ಚರ್ಚೆಯ ವಿಷಯವಾಯಿತು. ಒಂದರ ಮೇಲೊಂದು ವಿವಾದ ಬೆನ್ನುಹತ್ತಲು, ಬೆಂಗಳೂರಿನಲ್ಲಿ ಆಡುವುದಿಲ್ಲವೆಂದು ಆಕೆ ಆ ವರ್ಷ ಹೇಳಿಬಿಟ್ಟಳು. ತನ್ನ ದೇಶದಲ್ಲಿಯೇ ಆಟಗಾರ್ತಿ ಆಡದಂತೆ ಮಾಡುವ ಕೀರ್ತಿ ಎಂತಹ ಕೀರ್ತಿ!

ಇನ್ನು ನಮ್ಮ ಶ್ವೆಡೋವಾಳ ಕಡೆಗೆ ಬರೋಣ. ರಷ್ಯದಲ್ಲಿ ಆಟಗಾರ್ತಿಯರು ತುಂಬಿತುಳುಕುತ್ತಿದ್ದ ಕಾಲ ಅದು. ೨೦೦೮ರಲ್ಲಿ ಆಕೆ, ಆಟಗಾರರಿಗೆ ಧನಸಹಾಯ ನೀಡಲು ಮುಂದೆ ಬಂದ ಕಜಾಕಸ್ತಾನದ ಪರವಾಗಿ ಆಡತೊಡಗಿದಳು. ೨೦೧೦ರಲ್ಲಿ ಅಮೆರಿಕದ ವಾನಿಯಾ ಕಿಂಗಳೊಡನೆ ವಿಂಬಲ್ಡನ್ ಮತ್ತು ಅಮೆರಿಕದ ಡಬಲ್ಸ್ ಪ್ರಶಸ್ತಿಗಳೆರಡನ್ನೂ ಗೆದ್ದಳು. ೨೦೧೨ರ ವಿಂಬಲ್ಡನ್ನಿನಲ್ಲಂತೂ ಆಕೆ ಮಾಡಿದ್ದು ಅದ್ಭುತವೇ ಸರಿ. ಒಂದು ಸೆಟ್ ಗೆಲ್ಲಲು ಕನಿಷ್ಠ ಆರು ಗೇಮ್ ಬೇಕು. ಒಂದು ಗೇಮಿಗೆ ಕನಿಷ್ಠ ನಾಲ್ಕು ಪಾಯಿಂಟು. ಇಟಲಿಯ ಸಾರಾ ಎರಾನಿಯ ಎದುರು ಶ್ವೆಡೋವಾ ಮೊದಲ ಸೆಟ್ಟಿನ ಇಪ್ಪತ್ತುನಾಲ್ಕು ಪಾಯಿಂಟುಗಳನ್ನೂ ಒಂದೂ ಬಿಡದೆ ಗೆದ್ದಳು. ಎರಾನಿ ಅಳಿದುಳಿದ ಆಟಗಾರ್ತಿಯಲ್ಲ. ಅದೇ ವರ್ಷ ಫ್ರೆಂಚ್ ಪಂದ್ಯಾವಳಿಯ ಅಂತಿಮ ಪಂದ್ಯವನ್ನು ಆಡಿ ಬಂದವಳು. ವಿಂಬಲ್ಡನ್ನಿನ ಮಹಿಳಾ ಸಿಂಗಲ್ಸಿನಲ್ಲಿ ಅದುವರೆಗೆ ಅಂತಹ ಸೆಟ್ಟನ್ನು ಯಾರೂ ಆಡಿರಲಿಲ್ಲ. ಇಷ್ಟಾದರೂ ಶ್ವೆಡೋವಾಳ ಮುಖ ಭಿತ್ತಿಪತ್ರಗಳ ಮೇಲೆ ಬರಲಿಲ್ಲ. ಹೆಸರು ಬಲ್ಲವರ ನಡುವೆಯೇ ಉಳಿಯಿತು.

ನಮ್ಮ ಶಿವಮೊಗ್ಗದ ಸೀಮೆಯಲ್ಲಿ ಊರೂರಿಗೂ ವೀರಗಲ್ಲುಗಳಿವೆ. ರೈಸ್ ಸಾಹೇಬರು ಸಂಪಾದಿಸಿದ ಶಾಸನಸಂಪುಟಗಳಲ್ಲಿ ಏಳನೆಯದೂ ಎಂಟನೆಯದೂ ಈ ಜಿಲ್ಲೆಯವೇ. ಅವುಗಳಲ್ಲಿ ತುರುಗಳನ್ನು ಕಾಯಲು ಹೋರಿ ಮಡಿದವರ ಹೆಸರುಗಳನ್ನು ಕಾಣಬಹುದು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವಣದರಲ್ಲಿ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲಣದರಲ್ಲಿ ಶಿವಸಾನ್ನಿಧ್ಯ. ಕೆಳಗೆ ಕಾಳಗವಿಲ್ಲದೆ ಮೇಲೆ ಕೈಲಾಸವಿಲ್ಲ. ಕೀರ್ತಿಗೆ ಕಾರ್ಯವೇ ಬುನಾದಿಯೆಂಬುದನ್ನು ನಮ್ಮ ಹಿರಿಯರು ಕಲ್ಲಿನಲ್ಲಿಯೇ ಕಟೆದಿಟ್ಟರು. ಹಾಗೆಂದು ಹಿಂದಿನ ಕಾಲದಲ್ಲಿ ಎಲ್ಲರಿಗೂ ನ್ಯಾಯ ದೊರೆಯಿತೆನ್ನಲಾಗದು. ಅಕ್ಷರವಿಲ್ಲದ ಕಲ್ಲುಗಳೂ ಎಷ್ಟೋ ಇವೆ.

ಇಂದಿನ ಜಾಹೀರಾತು ಮೇಲಣ ಪಟ್ಟಿಕೆಯನ್ನು ಮೊದಲು ಕೊರೆಯುತ್ತದೆ. ಕೆಳಗಣದನ್ನು ಖಾಲಿ ಬಿಟ್ಟರೂ ಅದಕ್ಕೆ ಚಿಂತೆಯಿಲ್ಲ. ಕೂರ್ನಿಕೋವಾಳ ವಿಷಯದಲ್ಲಿ ಆದಂತೆ, ಅಲ್ಲಿ ಕೆತ್ತಬೇಕಾದ ಆಟವಿದ್ದರೂ ಅದು ಕೆತ್ತುವುದಿಲ್ಲ. ಆ ಕೆಲಸ ನೋಡುವ ನಮ್ಮದು. ಶಿವಮೊಗ್ಗ, ಭದ್ರಾವತಿಗಳ ಮೈದಾನಗಳಲ್ಲಿಯೂ ಸಂಜೆಯ ಹೊತ್ತು ಹೆಣ್ಣುಮಕ್ಕಳು ಆಡುತ್ತಾರೆ. ಆಡಿ ಮನೆಗೆ ಬಂದ ಮಗಳನ್ನು, ನೋಡಲು ಯಾರು ಬಂದಿದ್ದರು, ಉಡುಪು ಹೇಗಿತ್ತು ಎಂದು ಕೇಳುವ ಮೊದಲು, ಆಟ ಹೇಗಾಯಿತು ಎಂದು ಕೇಳೋಣ. ಗೆದ್ದಿದ್ದರೆ ಹೇಗೆ ಗೆದ್ದೆ, ಸೋತಿದ್ದರೆ ಎಲ್ಲಿ ಸೋತೆ ಎಂದು ವಿಚಾರಿಸೋಣ. ಮನೆಯಲ್ಲಿ ಈ ಪ್ರಶ್ನೆಗಳನ್ನು ಕೇಳಿ ಬೆಳೆದವಳಿಗೆ ತನ್ನ ಆಟದ ಬೆಲೆ ತಿಳಿದಿರುತ್ತದೆ. ಲೋಕ ಆಕೆಯ ಹೆಸರನ್ನು ಕೂಗಿದರೂ ಕೂಗದಿದ್ದರೂ ಆಕೆಗೆ ನಷ್ಟವಿಲ್ಲ.